ನಾದದ ಬಣ್ಣವನ್ನು ಅಳೆದ ಸರ್ ಸಿ.ವಿ. ರಾಮನ್

ಚೊಳಚಗುಡ್ಡ (ಬಾದಾಮಿ ತಾಲ್ಲೂಕು): ಬನದ ಹುಣ್ಣಿಮೆಯಂದು ಬನಶಂಕರಿ ದೇವಿಯ ರಥೋತ್ಸವ ಮುಗಿದರೂ ಇಲ್ಲಿನ ಜಾತ್ರೆ ಮುಗಿಯುವುದಿಲ್ಲ. ಹಗಲು ತೇರು, ಬಳೆ, ಬೆಂಡು-ಬತ್ತಾಸಿನದಾದರೆ ರಾತ್ರಿ ನಾಟಕ ಕಂಪನಿಗಳದು. ತಗಡಿನ ಥಿಯೇಟರುಗಳು ಸಾಲಾಗಿ ತಲೆಯೆತ್ತುತ್ತವೆ. ವಾರಗಟ್ಟಲೆ ನಡೆಯುವ ಈ ನಾಟಕಗಳನ್ನು ನೋಡಲೆಂದೇ ಬಾಗಲಕೋಟೆ, ಗದಗ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಂದ ಜನ ಬರುತ್ತಾರೆ.

ಈ ರಂಗಮಂದಿರಗಳಲ್ಲಿ ಒಂದು ಕಾಲಕ್ಕೆ ಕಾಲುಪೆಟ್ಟಿಗೆಯ ಹಾರ್ಮೋನಿಯಂ ರಾಜನಾಗಿತ್ತು. ಅದರ ಪಕ್ಕದಲ್ಲಿ ತಬಲಾ. ಇಂದು ಆ ಜಾಗಕ್ಕೆ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದಿದೆ. ಕೊಳಲು, ಶಹನಾಯಿ, ಹಾರ್ಮೋನಿಯಂ, ತಬಲಾ ಎಲ್ಲವೂ ಅದೊಂದೇ ಪೆಟ್ಟಿಗೆಯಿಂದ ಹೊರಡುತ್ತವೆ. ಅದರಿಂದ ಹೊರಟ ತಂತಿ ಮಿಕ್ಸರ್ ಎಂಬ ಇನ್ನೊಂದು ಪೆಟ್ಟಿಗೆಯನ್ನು ಸೇರುತ್ತದೆ. ಮಿಕ್ಸರಿನ ಮೇಲೆ ಸಾಲು ಸಾಲಾಗಿ ಗುಂಡಿಗಳು, ಮೇಲೆ ಕೆಳಗೆ ಸರಿಯುವ ಕಡ್ಡಿಗಳು. ಅದೇ ಈಕ್ವಲೈಜರ್.

ತಗಡಿನ ಗೋಡೆಗಳ ನಡುವೆ ಕೀಬೋರ್ಡಿನ ದನಿ ಗುಂಯ್ ಎಂದು ಮುದ್ದೆಯಾಗಿ ಕೇಳಿದರೆ ಧ್ವನಿವರ್ಧಕದವನು 300 ಹರ್ಟ್ಸ್ ಆಸುಪಾಸಿನ ಕಡ್ಡಿಯನ್ನು ತುಸು ಇಳಿಸುತ್ತಾನೆ. ಕೊಳಲಿನ ದನಿ ಹಿಂದಿನ ಸಾಲಿಗೆ ತಲುಪದಿದ್ದರೆ 3000 ಹರ್ಟ್ಸ್ ಸುತ್ತಲಿನದನ್ನು ಕೊಂಚ ಏರಿಸುತ್ತಾನೆ. ಕಿವಿ ಇರಿಯುವಂತಿದ್ದರೆ ಮತ್ತೆ ಇಳಿಸುತ್ತಾನೆ. ನುಡಿಸುವ ಸ್ವರ ಬದಲಾಗುವುದಿಲ್ಲ. ಷಡ್ಜ ಷಡ್ಜವಾಗಿಯೇ ಉಳಿಯುತ್ತದೆ. ಬದಲಾಗುವುದು ಅದರ ಬಣ್ಣ ಮಾತ್ರ.

ಸ್ವರಕ್ಕೆ ಬಣ್ಣ ಎಲ್ಲಿಂದ ಬರುತ್ತದೆ? ಒಂದೇ ಷಡ್ಜ ಕೊಳಲಿನಲ್ಲೊಂದು ರೀತಿ, ತಂಬೂರಿಯಲ್ಲೊಂದು ರೀತಿ ಕೇಳುವುದೇಕೆ? ಭಾರತೀಯ ವಾದ್ಯಗಳ ಮಟ್ಟಿಗೆ ಈ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ಕೊಂಡೊಯ್ದು ಉತ್ತರ ಪಡೆದ ಮಹನೀಯರು ಸರ್ ಚಂದ್ರಶೇಖರ ವೆಂಕಟ ರಾಮನ್. ಬೆಳಕಿನ ಸಂಶೋಧನೆಗಾಗಿ ನೊಬೆಲ್ ಪಡೆದವರೆಂದು ಅವರನ್ನು ನಾಡೆಲ್ಲ ಬಲ್ಲದು. ಬದುಕಿನ ಕೊನೆಯ 37 ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರೆಂಬುದೂ ಗೊತ್ತು. ಆದರೆ ಬೆಳಕಿಗೆ ಮುನ್ನ ಅವರನ್ನು ಸೆಳೆದದ್ದು ನಾದವೆಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಪಿಟೀಲಿನ ಮನೆಯ ಹುಡುಗ

ರಾಮನ್ ಜನಿಸಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಗೆ ಸೇರಿದ ತಿರುವಾನೈಕಾವಲ್‌ನಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರು. ತಾಯಿ ಪಾರ್ವತಿ ಅಮ್ಮಾಳ್. ಎಂಟು ಮಕ್ಕಳಲ್ಲಿ ರಾಮನ್ ಎರಡನೆಯವರು. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ದೊರೆತಾಗ ಸಂಸಾರ ಅಲ್ಲಿಗೆ ಸ್ಥಳಾಂತರಗೊಂಡಿತು.

ಮನೆಯಲ್ಲಿ ಎರಡು ಬಗೆಯ ಸಂಪತ್ತಿತ್ತು. ಒಂದು ಪುಸ್ತಕಗಳು, ಇನ್ನೊಂದು ತಂದೆ ನುಡಿಸುತ್ತಿದ್ದ ಪಿಟೀಲು. ಬಾಲಕ ಎರಡನ್ನೂ ಹೀರಿಕೊಂಡ. 11ನೇ ವಯಸ್ಸಿನಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಇನ್ನೂ ಹದಿಹರೆಯದ ಆರಂಭದಲ್ಲೇ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದ. 1904ರಲ್ಲಿ ಬಿ.ಎ. ಪದವಿಯನ್ನು ಪ್ರಥಮ ಸ್ಥಾನದೊಂದಿಗೆ ಪಡೆದಾಗ ಆತನಿಗೆ 16 ತುಂಬಿರಲಿಲ್ಲ. 1906ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್‌ನಲ್ಲಿ ಬೆಳಕಿನ ವಿವರ್ತನೆಯ ಕುರಿತ ಮೊದಲ ಲೇಖನ ಪ್ರಕಟವಾಯಿತು.

ಆ ದಿನಗಳಲ್ಲಿ ಕೈಗೆ ಬಂದ ಒಂದು ಪುಸ್ತಕ ಅವರ ಚಿಂತನೆಯ ದಿಕ್ಕನ್ನು ರೂಪಿಸಿತು. ಅದು ಜರ್ಮನಿಯ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ, ನಾದದ ಸಂವೇದನೆಯನ್ನು ಕುರಿತ ಗ್ರಂಥ. ತಮ್ಮ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ ಮೂರು ಪುಸ್ತಕಗಳಲ್ಲಿ ಇದನ್ನೂ ಒಂದೆಂದು ರಾಮನ್ ಮುಂದೆ ಪರಿಗಣಿಸಿದರು.

ಆ ಗ್ರಂಥದ ತಿರುಳನ್ನು ಹೀಗೆ ಹೇಳಬಹುದು. ನಾವು ಒಂದೇ ಸ್ವರವೆಂದು ಕೇಳುವುದು ವಾಸ್ತವವಾಗಿ ಒಂದಲ್ಲ. ತಂತಿಯೊಂದು ಸೆಕೆಂಡಿಗೆ 220 ಬಾರಿ ಕಂಪಿಸುವಾಗ ಅದರೊಳಗೆ 440, 660, 880 ಹೀಗೆ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳೂ ಅಡಗಿರುತ್ತವೆ. ಇವೇ ಉಪಸ್ವರಗಳು. ಮೂಲಸ್ವರ ಯಾವುದೆಂಬುದು ಶ್ರುತಿಯನ್ನು ನಿರ್ಧರಿಸುತ್ತದೆ. ಯಾವ ಉಪಸ್ವರ ಎಷ್ಟು ಬಲವಾಗಿದೆ ಎಂಬುದು ವಾದ್ಯದ ಬಣ್ಣವನ್ನು ನಿರ್ಧರಿಸುತ್ತದೆ. ಕೊಳಲಿನಲ್ಲಿ ಉಪಸ್ವರಗಳು ದುರ್ಬಲ, ಆದ್ದರಿಂದ ದನಿ ಮೃದು. ಹಾರ್ಮೋನಿಯಂನಲ್ಲಿ ಅವು ದಂಡಿಯಾಗಿವೆ, ಆದ್ದರಿಂದ ದನಿ ತುಂಬು ಮತ್ತು ಮೊನಚು.

ಚೊಳಚಗುಡ್ಡದ ಥಿಯೇಟರಿನಲ್ಲಿ ಈಕ್ವಲೈಜರಿನ ಕಡ್ಡಿ ಸರಿಸುವವನು ಮಾಡುವುದು ಇದನ್ನೇ. ಕಡ್ಡಿಯೊಂದು ನಿರ್ದಿಷ್ಟ ವ್ಯಾಪ್ತಿಯ ಕಂಪನಗಳ ಬಲವನ್ನು ಹೆಚ್ಚಿಸುತ್ತದೆ ಇಲ್ಲವೇ ತಗ್ಗಿಸುತ್ತದೆ. ಉಪಸ್ವರಗಳ ನಡುವಿನ ತಕ್ಕಡಿ ಅತ್ತಿತ್ತ ವಾಲುತ್ತದೆ. ಕಿವಿಗೆ ಬೇರೆಯದೇ ವಾದ್ಯ ಕೇಳಿದಂತಾಗುತ್ತದೆ. ದೂರವಾಣಿ ತಂತಿಗಳಲ್ಲಿ ಸಾಗುವಾಗ ಮಾತಿನ ಮೇಲುದನಿ ಕ್ಷೀಣಿಸುತ್ತಿತ್ತು. ಅದನ್ನು ಸರಿದೂಗಿಸಿ ಸಮ ಮಾಡಲು ಹುಟ್ಟಿದ ಸಾಧನವಾದ್ದರಿಂದಲೇ ಅದಕ್ಕೆ ಈಕ್ವಲೈಜರ್ ಎಂಬ ಹೆಸರು.

ಹಗಲು ಲೆಕ್ಕಪತ್ರ, ಬೆಳಗು-ಸಂಜೆ ತಂತಿ

1907 ರಾಮನ್ ಬದುಕಿನ ತಿರುವಿನ ವರ್ಷ. ಎಂ.ಎ. ಮುಗಿಯಿತು. ಹಣಕಾಸು ಸೇವೆಯ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ದೊರೆಯಿತು. ಲೋಕಸುಂದರಿ ಅವರೊಂದಿಗೆ ವಿವಾಹವೂ ನೆರವೇರಿತು. ಲೋಕಸುಂದರಿ ವೀಣೆ ನುಡಿಸುತ್ತಿದ್ದರು. ಪಿಟೀಲಿನ ಮನೆಯಿಂದ ಬಂದ ಯುವಕನ ಮನೆಗೆ ವೀಣೆಯೂ ಬಂದಂತಾಯಿತು.

ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತೆಗೆ ಹೋದ ರಾಮನ್‌ಗೆ ಬೌ ಬಜಾರ್ ಬೀದಿಯಲ್ಲಿ ಒಂದು ನಾಮಫಲಕ ಕಣ್ಣಿಗೆ ಬಿತ್ತು. ಅದು ಡಾ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಪ್ರಸಾರ ಸಂಸ್ಥೆ. ಉಪಕರಣಗಳಿದ್ದವು, ಕೆಲಸ ಮಾಡುವವರು ವಿರಳವಾಗಿದ್ದರು. ಅಂದಿನಿಂದ ಕಚೇರಿಗೆ ಮುನ್ನ ಮತ್ತು ಕಚೇರಿಯ ನಂತರ ರಾಮನ್ ಅಲ್ಲಿರತೊಡಗಿದರು. ಆಶುತೋಷ್ ಡೇ ಎಂಬ ಸಹಾಯಕರು ಪ್ರಯೋಗಗಳಲ್ಲಿ ಜೊತೆಯಾದರು. ನಡುವೆ ರಂಗೂನ್ ಮತ್ತು ನಾಗಪುರಕ್ಕೆ ವರ್ಗವಾದದ್ದು ಬಿಟ್ಟರೆ ಸುಮಾರು ಹತ್ತು ವರ್ಷ ಇದೇ ದಿನಚರಿ.

ಆ ಪ್ರಯೋಗಾಲಯದಲ್ಲಿ ದೊಡ್ಡ ಯಂತ್ರಗಳು ಬೇಕಿರಲಿಲ್ಲ. ಬಿಗಿದ ತಂತಿ, ಶ್ರುತಿಕವೆ, ಛಾಯಾಚಿತ್ರದ ಫಲಕ ಇಷ್ಟಿದ್ದರೆ ನಾದವನ್ನು ಅಳೆಯಬಹುದಾಗಿತ್ತು. 1909ರಲ್ಲಿ ರಾಮನ್ ಏಕತಾರಿಯ ಕುರಿತು ಲೇಖನ ಬರೆದರು. ಹಾದಿಬೀದಿಯ ದಾಸರ ಕೈಯಲ್ಲಿದ್ದ ಒಂಟಿ ತಂತಿಯ ವಾದ್ಯ ವೈಜ್ಞಾನಿಕ ಪತ್ರಿಕೆಯ ಪುಟ ಏರಿತು. 1918ರಲ್ಲಿ ಪಿಟೀಲಿನ ತಂತಿಯ ಕಂಪನಗಳ ಯಾಂತ್ರಿಕ ಸಿದ್ಧಾಂತವನ್ನು ವಿವರಿಸುವ ಬೃಹತ್ ಪ್ರಬಂಧ ಹೊರಬಂತು. ಮುಂದೆ ಪಿಟೀಲನ್ನು ನುಡಿಸುವ ಯಂತ್ರವೊಂದನ್ನೂ ಅವರು ಕಟ್ಟಿದರು. ಅದರಲ್ಲಿ ಕಮಾನು ಸ್ಥಿರವಾಗಿ ನಿಲ್ಲುತ್ತಿತ್ತು, ಪಿಟೀಲೇ ಹಿಂದೆ ಮುಂದೆ ಚಲಿಸುತ್ತಿತ್ತು. ಕಮಾನಿನ ಒತ್ತಡ ಮತ್ತು ವೇಗ ಎಷ್ಟಿದ್ದರೆ ನಾದ ಹೇಗಿರುತ್ತದೆ ಎಂಬುದನ್ನು ಕಲಾವಿದನ ಕೈಯ ಏರುಪೇರಿಲ್ಲದೆ ಅಳೆಯುವುದು ಅದರ ಉದ್ದೇಶವಾಗಿತ್ತು.

ಈ ನಡುವೆ ಕಲ್ಕತ್ತ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಆಶುತೋಷ್ ಮುಖರ್ಜಿ ಅವರಿಂದ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಆಹ್ವಾನ ಬಂತು. ಸರ್ಕಾರಿ ಹುದ್ದೆಯ ಸಂಬಳಕ್ಕಿಂತ ಅಲ್ಲಿನ ಸಂಬಳ ಬಹಳ ಕಡಿಮೆ. ಹುದ್ದೆಗೆ ಬರುವವರು ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ನಿಯಮವೂ ಇತ್ತು. ಭೌತಶಾಸ್ತ್ರ ಕಲಿಯಲು ವಿದೇಶಕ್ಕೆ ಹೋಗಲು ರಾಮನ್ ಒಪ್ಪಲಿಲ್ಲ. ನಿಯಮವನ್ನೇ ಸಡಿಲಿಸಲಾಯಿತು. 1917ರಲ್ಲಿ ಅವರು ಭದ್ರವಾದ ಅಧಿಕಾರದ ಕುರ್ಚಿ ಬಿಟ್ಟು ಪ್ರಾಧ್ಯಾಪಕರಾದರು. ಅವರ ಕುಟುಂಬಕ್ಕೆ ಅದು ಸಣ್ಣ ತ್ಯಾಗವಾಗಿರಲಿಲ್ಲ.

ಕೀಲಿಮಣೆಯ ಸುತ್ತಿಗೆ

ಕೀಬೋರ್ಡ್ ನುಡಿಸುವವರಿಗೆ ನೇರವಾಗಿ ಸಂಬಂಧಿಸುವ ಒಂದು ಕೆಲಸ 1920ರದು. ಭವನಾಥ ಬ್ಯಾನರ್ಜಿ ಅವರ ಜೊತೆಗೂಡಿ ರಾಮನ್ ಪಿಯಾನೊದ ಸುತ್ತಿಗೆ ತಂತಿಗೆ ಬಡಿಯುವ ಕ್ರಿಯೆಯನ್ನು ಅಧ್ಯಯನ ಮಾಡಿದರು. ಲಂಡನ್ನಿನ ರಾಯಲ್ ಸೊಸೈಟಿಯ ನಡಾವಳಿಯಲ್ಲಿ ಅದು ಪ್ರಕಟವಾಯಿತು.

ಪಿಯಾನೊದ ಕೀಲಿ ಒತ್ತಿದಾಗ ಒಳಗಿನ ಸುತ್ತಿಗೆ ತಂತಿಗೆ ಬಡಿದು ಕ್ಷಣಾರ್ಧದಲ್ಲಿ ಹಿಂದೆ ಸರಿಯುತ್ತದೆ. ಆ ಸ್ಪರ್ಶ ಎಷ್ಟು ಹೊತ್ತಿನದು, ತಂತಿಯ ಯಾವ ಬಿಂದುವಿನಲ್ಲಿ ಆದದ್ದು ಎಂಬುದರ ಮೇಲೆ ಯಾವ ಉಪಸ್ವರಗಳು ಏಳುತ್ತವೆ ಎಂಬುದು ನಿಂತಿದೆ. ಮೆತ್ತಗೆ ಒತ್ತಿದರೆ ದನಿ ಸಣ್ಣದಾಗುವುದಷ್ಟೇ ಅಲ್ಲ, ಅದರ ಬಣ್ಣವೂ ಮಂಕಾಗುತ್ತದೆ. ರಭಸದಿಂದ ಒತ್ತಿದರೆ ಮೇಲಿನ ಉಪಸ್ವರಗಳು ಹೆಚ್ಚು ಬಲದಿಂದ ಎದ್ದು ದನಿ ಬೆಳಗುತ್ತದೆ.

ಇಂದಿನ ಉತ್ತಮ ಎಲೆಕ್ಟ್ರಾನಿಕ್ ಕೀಬೋರ್ಡುಗಳು ಬೆರಳಿನ ವೇಗವನ್ನು ಅಳೆದು, ಅದಕ್ಕೆ ತಕ್ಕಂತೆ ಬೇರೆ ಬೇರೆ ಧ್ವನಿಮುದ್ರಣಗಳನ್ನು ಹೊರಡಿಸುವುದು ಈ ಕಾರಣಕ್ಕಾಗಿಯೇ. ದನಿ ಮಂಕಾಗಿದೆ ಎಂದು ಈಕ್ವಲೈಜರಿನ ಮೇಲ್ಭಾಗವನ್ನು ಎಳೆಯುವ ಮುನ್ನ ಬೆರಳಿನ ಸ್ಪರ್ಶ ಬದಲಿಸಿ ನೋಡುವುದು ಒಳಿತು. ಮೂಲದಲ್ಲಿ ಇಲ್ಲದ ಉಪಸ್ವರವನ್ನು ಈಕ್ವಲೈಜರ್ ಸೃಷ್ಟಿಸಲಾರದು. ಇರುವುದನ್ನು ಏರಿಸಬಲ್ಲದು, ಇಳಿಸಬಲ್ಲದು, ಅಷ್ಟೇ. ಇಲ್ಲದ ಜಾಗದಲ್ಲಿ ಕಡ್ಡಿ ಏರಿಸಿದರೆ ಏರುವುದು ತಂತಿಯ ಸಿರಸಿರ ಸದ್ದು ಮಾತ್ರ.

ತಂಬೂರಿಯ ದಾರ, ಮೃದಂಗದ ಕರಣೆ

ಹಾಗಾದರೆ ಇಲ್ಲದ ಉಪಸ್ವರವನ್ನು ಎಬ್ಬಿಸುವುದು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ನಮ್ಮ ವಾದ್ಯ ತಯಾರಕರು ಅದನ್ನು ಶತಮಾನಗಳಿಂದ ಮಾಡುತ್ತ ಬಂದಿದ್ದರು. ಅದನ್ನು ಕಂಡು, ಅಳೆದು, ಜಗತ್ತಿಗೆ ತಿಳಿಸಿದ್ದೇ ನಾದಲೋಕಕ್ಕೆ ರಾಮನ್ ನೀಡಿದ ಅತಿ ದೊಡ್ಡ ಕೊಡುಗೆ.

ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಉಪಸ್ವರದ ನಿಶ್ಚಲ ಸ್ಥಾನವಿದೆಯೋ ಆ ಉಪಸ್ವರ ಏಳಬಾರದು ಎಂಬುದು ಥಾಮಸ್ ಯಂಗ್ ಹೇಳಿದ ನಿಯಮ. ತಂತಿಯನ್ನು ನಟ್ಟನಡುವೆ ಮೀಟಿದರೆ ಎರಡನೆಯ, ನಾಲ್ಕನೆಯ, ಆರನೆಯ ಉಪಸ್ವರಗಳು ಕೇಳಿಸಕೂಡದು. ಸಾಧಾರಣ ತಂತಿಯಲ್ಲಿ ಹಾಗೆಯೇ ಆಗುತ್ತದೆ. ಆದರೆ ತಂಬೂರಿಯಲ್ಲಿ ಆಗುವುದಿಲ್ಲ. ಇರಬಾರದ ಉಪಸ್ವರಗಳು ಅಲ್ಲಿ ಬಲವಾಗಿಯೇ ಹಾಡುತ್ತವೆ ಎಂಬುದನ್ನು 1921ರ ಲೇಖನದಲ್ಲಿ ರಾಮನ್ ತೋರಿಸಿದರು.

ಕಾರಣ ತಂಬೂರಿಯ ಕುದುರೆಯಲ್ಲಿದೆ. ಅದು ಚೂಪಾದ ಅಂಚಲ್ಲ, ಅಗಲವಾದ, ನಯವಾಗಿ ಬಾಗಿದ ಮೈ. ತಂತಿಗೂ ಕುದುರೆಗೂ ನಡುವೆ ಜೀವಾಳವೆಂಬ ಒಂದೆಳೆ ದಾರ. ತಂತಿ ಕಂಪಿಸುವಾಗ ಕುದುರೆಯ ಮೈಯನ್ನು ಮತ್ತೆ ಮತ್ತೆ ಮುಟ್ಟಿ ಬಿಡುತ್ತದೆ. ಪ್ರತಿ ಸ್ಪರ್ಶವೂ ಹೊಸ ಉಪಸ್ವರಗಳನ್ನು ಎಬ್ಬಿಸುತ್ತದೆ. ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ನಾದದ ಬಣ್ಣ ಬದಲಾಗುತ್ತದೆ. ವೀಣೆಯ ಬಾಗಿದ ಕುದುರೆಯಲ್ಲೂ ಇದೇ ಗುಣವನ್ನು ಅವರು ಗುರುತಿಸಿದರು.

ಚರ್ಮವಾದ್ಯಗಳ ಕಥೆ ಇನ್ನೂ ಸ್ವಾರಸ್ಯಕರ. ಬಿಗಿದ ಸಾದಾ ಚರ್ಮದ ಮೇಲೆ ಬಡಿದರೆ ಮೂಲಸ್ವರದ 1.59, 2.14, 2.30 ಪಟ್ಟಿನ ಕಂಪನಗಳು ಏಳುತ್ತವೆ. ಇವು ಪೂರ್ಣ ಸಂಖ್ಯೆಗಳಲ್ಲ. ಆದ್ದರಿಂದ ಅವು ಒಂದರೊಡನೊಂದು ಹೊಂದುವುದಿಲ್ಲ, ಶ್ರುತಿ ಸ್ಪಷ್ಟವಾಗುವುದಿಲ್ಲ. ಇದನ್ನು ಆಧರಿಸಿಯೇ ಚರ್ಮವಾದ್ಯಗಳು ಲಯಕ್ಕೆ ಮಾತ್ರ, ನಾದಕ್ಕಲ್ಲ ಎಂಬ ಅಭಿಪ್ರಾಯ ಪಾಶ್ಚಾತ್ಯ ವಿಜ್ಞಾನದಲ್ಲಿ ಬೇರೂರಿತ್ತು.

ಮೃದಂಗ ಕೇಳಿ ಬೆಳೆದ ಕಿವಿಗೆ ಇದು ಒಪ್ಪಿಗೆಯಾಗುವಂಥದ್ದಲ್ಲ. 1920ರಲ್ಲಿ ಶಿವಕಾಳಿ ಕುಮಾರ್ ಜೊತೆಗೂಡಿ ರಾಮನ್ ನೇಚರ್ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಮೃದಂಗ ಮತ್ತು ತಬಲಾದ ಉಪಸ್ವರಗಳು ತಂತಿವಾದ್ಯದಂತೆಯೇ ಮೂಲಸ್ವರದ ಎರಡು, ಮೂರು, ನಾಲ್ಕು, ಐದು ಪಟ್ಟಿನಲ್ಲಿ ನಿಲ್ಲುತ್ತವೆ ಎಂದು ಅದು ಸಾರಿತು. ಅದಕ್ಕೆ ಕಾರಣ ಚರ್ಮದ ನಡುವೆ ಪದರ ಪದರವಾಗಿ ಮೆತ್ತಿ ತಿಕ್ಕುವ ಕಪ್ಪು ಕರಣೆ. ಉತ್ತರ ಕರ್ನಾಟಕದ ತಬಲಾ ವಾದಕರು ಶಾಯಿ ಎನ್ನುವುದೂ ಅದನ್ನೇ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈಕ್ವಲೈಜರ್ ಉಪಸ್ವರಗಳ ಬಲವನ್ನು ಮಾತ್ರ ಬದಲಿಸುತ್ತದೆ, ಅವುಗಳ ಸ್ಥಾನವನ್ನಲ್ಲ. ಕರಣೆಯಾದರೋ ಉಪಸ್ವರಗಳನ್ನೇ ಹಿಡಿದೆಳೆದು ಸರಿಯಾದ ಸ್ಥಾನದಲ್ಲಿ ಕೂರಿಸುತ್ತದೆ. ಕಬ್ಬಿಣದ ಪುಡಿ ಮತ್ತು ಅಂಟನ್ನು ಬೆರಳಿನಿಂದ ಮೆತ್ತಿ, ಕಲ್ಲಿನಿಂದ ತಿಕ್ಕಿ, ಬಡಿದು ಕೇಳಿ, ಮತ್ತೆ ಮೆತ್ತುವ ಕುಶಲಕರ್ಮಿ ಮಾಡುವ ಕೆಲಸವನ್ನು ಯಾವ ಕಡ್ಡಿಯೂ ಮಾಡಲಾರದು. ಅಕ್ಷರ ಬಲ್ಲವರು ಗೌರವಿಸದಿದ್ದ ಆ ಕೈಗಳ ಕೆಲಸಕ್ಕೆ ರಾಮನ್ ವಿಜ್ಞಾನದ ಮುದ್ರೆ ಒತ್ತಿದರು.

ಗೋಲಗುಂಬಜದಿಂದ ಬೆಳಕಿನೆಡೆಗೆ

1921ರಲ್ಲಿ ರಾಮನ್ ಮೊದಲ ಬಾರಿಗೆ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಡಿ ಪಿಸುಮಾತು ಗೋಡೆಯಗುಂಟ ಸಾಗುವ ಬಗೆಯನ್ನು ಅಲ್ಲಿಯೇ ಪ್ರಯೋಗದಿಂದ ಪರೀಕ್ಷಿಸಿದರು. ಮರಳಿದ ಬಳಿಕ ಪಿಸುಗುಟ್ಟುವ ಗುಮ್ಮಟಗಳ ಕುರಿತು ಬರೆದ ಲೇಖನದಲ್ಲಿ ವಿಜಯಪುರದ ಗೋಲಗುಂಬಜವೂ ಸ್ಥಾನ ಪಡೆಯಿತು. ಬನಶಂಕರಿ ಜಾತ್ರೆಗೆ ಬರುವವರಲ್ಲಿ ಅನೇಕರು ಆ ಗುಮ್ಮಟದಡಿ ನಿಂತು ಕೂಗಿ ತಮ್ಮ ದನಿಯನ್ನು ತಾವೇ ಮತ್ತೆ ಮತ್ತೆ ಕೇಳಿದವರೇ. ಕಟ್ಟಡವೂ ಒಂದು ವಾದ್ಯ ಎಂಬುದು ಅಲ್ಲಿ ಯಾರಿಗಾದರೂ ಮನದಟ್ಟಾಗುತ್ತದೆ. ತಗಡಿನ ಥಿಯೇಟರಿನಲ್ಲಿ ಹೊಂದಿಸಿದ ಈಕ್ವಲೈಜರ್ ಬಯಲಿನಲ್ಲಿ ಹೊಂದದಿರುವುದೂ ಇದೇ ಕಾರಣಕ್ಕೆ.

ಅದೇ ಪ್ರಯಾಣದಲ್ಲಿ ಎಸ್.ಎಸ್. ನಾರ್ಕುಂಡ ಹಡಗಿನಿಂದ ಕಂಡ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ರಾಮನ್ ಮನಸ್ಸನ್ನು ಸೆರೆಹಿಡಿಯಿತು. ಆ ನೀಲಿ ಆಗಸದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುವುದರಿಂದ ಉಂಟಾದದ್ದು ಎಂದು ಅವರು ನಿರೂಪಿಸಿದರು. ಅಲ್ಲಿಂದ ಮುಂದಿನ ಹಾದಿ ಬೆಳಕಿನದು. 1924ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು.

ಆದರೆ ನಾದ ಕಲಿಸಿದ ಪಾಠ ಬೆಳಕಿನಲ್ಲೂ ಜೊತೆಗಿತ್ತು. ಬೆಳಕೂ ಕಂಪನವೇ, ಬಣ್ಣವೆಂದರೆ ಅದರ ಕಂಪನಾಂಕವೇ. 1928ರ ಫೆಬ್ರುವರಿಯಲ್ಲಿ ಶಿಷ್ಯ ಕೆ.ಎಸ್. ಕೃಷ್ಣನ್ ಜೊತೆ ನಡೆಸಿದ ಪ್ರಯೋಗವನ್ನು ಈಕ್ವಲೈಜರ್ ಬಲ್ಲವರು ಸುಲಭವಾಗಿ ಅರಿಯಬಹುದು. ಸೂರ್ಯನ ಬೆಳಕಿಗೆ ಒಂದು ಬಣ್ಣದ ಸೋಸುಗಾಜನ್ನು ಅಡ್ಡ ಹಿಡಿದು ನೀಲಿ-ನೇರಳೆಯನ್ನು ಮಾತ್ರ ದ್ರವದೊಳಗೆ ಬಿಟ್ಟರು. ಚದುರಿ ಹೊರಬಂದ ಬೆಳಕಿನ ಮುಂದೆ, ಆ ನೀಲಿ-ನೇರಳೆಯನ್ನು ಪೂರ್ತಿ ತಡೆಯುವ ಇನ್ನೊಂದು ಸೋಸುಗಾಜನ್ನು ಇರಿಸಿದರು. ಲೆಕ್ಕದ ಪ್ರಕಾರ ಕತ್ತಲೆಯೇ ಕಾಣಬೇಕು. ಆದರೆ ಮಂದವಾದ ಬೆಳಕು ಕಂಡಿತು. ಒಳಹೋದ ಬೆಳಕಿನಲ್ಲಿ ಇಲ್ಲದಿದ್ದ ಹೊಸ ಕಂಪನಾಂಕಗಳು ಹೊರಬಂದ ಬೆಳಕಿನಲ್ಲಿದ್ದವು. ಅಣುಗಳ ಸ್ವಂತ ಕಂಪನವೇ ಅವಕ್ಕೆ ಕಾರಣ. ತಂಬೂರಿಯ ಕುದುರೆಯಲ್ಲಿ ಇರಬಾರದ ಉಪಸ್ವರ ಕೇಳಿದ ಕಿವಿಗೆ, ಇರಬಾರದ ಬಣ್ಣ ಕಂಡಾಗ ಅದನ್ನು ದೋಷವೆಂದು ತಳ್ಳಿಹಾಕುವ ಮನಸ್ಸಾಗಲಿಲ್ಲ.

ಫೆಬ್ರುವರಿ 28ರಂದು ದೃಢಪಟ್ಟ ಈ ಶೋಧದ ಕುರಿತು ರಾಮನ್ ವಿಸ್ತೃತ ಉಪನ್ಯಾಸ ನೀಡಿದ್ದು ಮಾರ್ಚ್ 16ರಂದು, ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 1929ರಲ್ಲಿ ಸರ್ ಪದವಿ, 1930ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರನ್ನು ಅರಸಿ ಬಂದವು.

ಬೆಂಗಳೂರಿನ ದಿನಗಳು

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು. 1934ರಲ್ಲಿ ಭಾರತೀಯ ವಿಜ್ಞಾನಗಳ ಅಕಾಡೆಮಿಯನ್ನು ಸ್ಥಾಪಿಸಿದರು. ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಭಾರತೀಯ ಚರ್ಮವಾದ್ಯಗಳ ಕುರಿತ ಅವರ ಪ್ರಬಂಧ ಬಂತು. ನೊಬೆಲ್ ಪಡೆದ ನಾಲ್ಕು ವರ್ಷಗಳ ನಂತರವೂ ಅವರು ಮೃದಂಗಕ್ಕೆ ಮರಳಿದ್ದರು.

ಚರ್ಮದ ಮೇಲೆ ನುಣುಪಾದ ಮರಳು ಉದುರಿಸಿ, ಬೆರಳಿನಿಂದ ಅಲ್ಲಲ್ಲಿ ಮುಟ್ಟಿ ಬಡಿದು, ಮರಳು ರೂಪಿಸುವ ರೇಖೆಗಳ ಚಿತ್ರ ತೆಗೆಯುವುದು ವಿಧಾನ. ಚರ್ಮದ ಒಂಬತ್ತು ಬಗೆಯ ಕಂಪನಗಳು ಕರಣೆಯ ಪ್ರಭಾವದಿಂದ ಕೇವಲ ಐದು ಸ್ವರಗಳಲ್ಲಿ ಒಟ್ಟುಗೂಡುತ್ತವೆ ಎಂಬುದು ಸಿದ್ಧವಾಯಿತು. ಹೊಂದದಿರುವ ದನಿಗಳ ಗುಂಪು ಹೊಂದಿಕೊಂಡು ಹಾಡುವ ಮೇಳವಾದದ್ದು ಹೀಗೆ.

ಬೆಂಗಳೂರಿನ ದಿನಗಳೆಲ್ಲ ಸುಖದವಾಗಿರಲಿಲ್ಲ. ಸಂಸ್ಥೆಯ ಆಡಳಿತದಲ್ಲಿ ರಾಮನ್ ಸ್ವಭಾವದ ಕಾಠಿಣ್ಯ ಅನೇಕರನ್ನು ದೂರ ಮಾಡಿತು. ಭೌತಶಾಸ್ತ್ರಕ್ಕೆ ಹೆಚ್ಚು ಒತ್ತು ನೀಡುತ್ತಾರೆಂಬ ದೂರು ಎದ್ದಿತು. ವಿಚಾರಣಾ ಸಮಿತಿಯ ವರದಿಯ ನಂತರ 1937ರಲ್ಲಿ ಅವರು ನಿರ್ದೇಶಕ ಸ್ಥಾನ ತೊರೆದರು. 1933ರಲ್ಲಿ ಕಮಲಾ ಭಾಗವತ್ ಎಂಬ ಪ್ರತಿಭಾವಂತ ವಿದ್ಯಾರ್ಥಿನಿಗೆ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿ, ಆಕೆ ಪಟ್ಟು ಹಿಡಿದ ಮೇಲೆ ಷರತ್ತಿನೊಂದಿಗೆ ಒಪ್ಪಿದ್ದೂ ಅವರ ಬದುಕಿನ ಭಾಗವೇ. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಆಕೆ ಜೀವರಸಾಯನಶಾಸ್ತ್ರದಲ್ಲಿ ಸಾಧನೆ ಮಾಡಿ ಆ ನಿರಾಕರಣೆ ತಪ್ಪೆಂದು ತೋರಿಸಿದರು. ದೊಡ್ಡವರ ಬದುಕಿನಲ್ಲೂ ಅಪಸ್ವರಗಳಿರುತ್ತವೆ. ಅವುಗಳನ್ನು ಅಳಿಸಿ ಬರೆಯುವುದು ಚರಿತ್ರೆಯಾಗುವುದಿಲ್ಲ.

1948ರವರೆಗೆ ಪ್ರಾಧ್ಯಾಪಕರಾಗಿ ಮುಂದುವರಿದ ರಾಮನ್, ನಿವೃತ್ತಿಯ ಬಳಿಕ ಮೈಸೂರು ಸಂಸ್ಥಾನ ನೀಡಿದ್ದ ಜಾಗದಲ್ಲಿ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. 1954ರಲ್ಲಿ ಭಾರತರತ್ನ, 1957ರಲ್ಲಿ ಲೆನಿನ್ ಶಾಂತಿ ಪ್ರಶಸ್ತಿ ಬಂದವು. ವಜ್ರದ ಹೊಳಪು, ಹೂವಿನ ಬಣ್ಣ, ಕಣ್ಣಿನ ದೃಷ್ಟಿ, ಹೀಗೆ ಕೊನೆಯವರೆಗೂ ಅವರ ಕುತೂಹಲ ಬತ್ತಲಿಲ್ಲ. 1970ರ ಅಕ್ಟೋಬರ್ 2ರಂದು ಗಾಂಧಿ ಸ್ಮಾರಕ ಉಪನ್ಯಾಸ ನೀಡಿದ ಅವರು ನವೆಂಬರ್ 21ರಂದು, 82ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು. ಸಂಸ್ಥೆಯ ಆವರಣದ ಮರಗಿಡಗಳ ನಡುವೆಯೇ ಅಂತ್ಯಕ್ರಿಯೆ ನಡೆಯಿತು. ಅಲ್ಲಿ ಗೋರಿ ಇಲ್ಲ, ಒಂದು ಮರವಿದೆ. ಫೆಬ್ರುವರಿ 28ನ್ನು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ.

ಉಳಿದ ನಾದ

ಮೃದಂಗದ ಕೆಲಸ ರಾಮನ್ ಅವರೊಂದಿಗೆ ಮುಗಿಯಲಿಲ್ಲ. 1954ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿ ಕರಣೆಯುಳ್ಳ ಚರ್ಮದ ಕಂಪನಗಳಿಗೆ ಗಣಿತದ ರೂಪ ಕೊಟ್ಟರು. ಮುಂದಿನ ದಶಕಗಳಲ್ಲಿ ಬೆಂಗಳೂರಿನ ರೇಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ತಂಬೂರಿಗಳನ್ನು ತಯಾರಿಸಿತು. ದಾರ ಮತ್ತು ಕುದುರೆಯಿಂದ ಎದ್ದ ಉಪಸ್ವರಗಳನ್ನು ಈಗ ವಿದ್ಯುತ್ ಪೆಟ್ಟಿಗೆಗಳು ಅನುಕರಿಸುತ್ತಿವೆ.

ಚೊಳಚಗುಡ್ಡದ ಥಿಯೇಟರುಗಳಲ್ಲಿ ಕೀಬೋರ್ಡ್ ನುಡಿಸುವವರನ್ನು ದೂರುವುದು ಸುಲಭ. ಒಂದು ಪೆಟ್ಟಿಗೆಯಲ್ಲಿ ಹತ್ತು ವಾದ್ಯ ಸಿಗುವಾಗ ಹತ್ತು ಕಲಾವಿದರಿಗೆ ಊಟ ಹಾಕುವ ಶಕ್ತಿ ಕಂಪನಿಗಳಿಗೆ ಉಳಿದಿಲ್ಲ. ಆದರೆ ಗುಂಡಿ ಒತ್ತಿದಾಗ ಬರುವ ತಬಲಾದ ದನಿ ಯಾರದೋ ಬೆರಳು ತಿಕ್ಕಿದ ಶಾಯಿಯ ನೆರಳು ಎಂಬುದು ನೆನಪಿನಲ್ಲಿದ್ದರೆ ಒಳ್ಳೆಯದು. ಆ ಶಾಯಿ ಹಾಕುವ ಕೈಗಳು ಇಲ್ಲವಾದರೆ ಮುಂದೆ ಮುದ್ರಿಸಿಕೊಳ್ಳಲು ಮೂಲವೇ ಇರುವುದಿಲ್ಲ. ಈಕ್ವಲೈಜರ್ ಇದ್ದುದನ್ನು ತಿದ್ದಬಲ್ಲದು, ಕಳೆದುಹೋದದ್ದನ್ನು ತರಲಾರದು.

ರಾಮನ್ ಅವರ ಬದುಕು ಕಲಿಸುವ ಪಾಠ ಸರಳವಾಗಿದೆ. ಮೊದಲು ಕಿವಿಗೊಟ್ಟು ಕೇಳಬೇಕು, ಆಮೇಲೆ ಅಳೆಯಬೇಕು, ಕಡೆಗೆ ಕೈ ಹಾಕಬೇಕು. ಮುಂದಿನ ಬನದ ಹುಣ್ಣಿಮೆಯ ರಾತ್ರಿ ಯಾರಾದರೂ ಕಡ್ಡಿ ಸರಿಸುವ ಮುನ್ನ ಅರೆಗಳಿಗೆ ಕಣ್ಣು ಮುಚ್ಚಿ ಆಲಿಸಿದರೆ, ಪಿಟೀಲಿನ ಮನೆಯ ಆ ಹುಡುಗನಿಗೆ ಅದಕ್ಕಿಂತ ದೊಡ್ಡ ಗೌರವ ಬೇರೆ ಇರಲಾರದು.